ಹಾರ್ಟ್–ಡೋಲ್–ಇನೌಯೆ ಫೆಡರಲ್ ಕೇಂದ್ರ

ಅಮೆರಿಕದ ಮಿಷಿಗನ್ ಸಂಸ್ಥಾನದ ಬ್ಯಾಟಲ್ ಕ್ರೀಕ್ ನಗರದ ಈ ಭವನವು, 1902ರ ಅಗ್ನಿದುರಂತದ ತರುವಾಯ, ಡಾ. ಜಾನ್ ಹಾರ್ವೆ ಕೆಲಾಗರ ಆರೋಗ್ಯಧಾಮವಾಗಿ 1903ರಲ್ಲಿ ಇಟಲಿಯ ನವೋದಯಶೈಲಿಯನ್ನನುಸರಿಸಿ ಪುನರ್ನಿರ್ಮಿತವಾಯಿತು. 1942ರಲ್ಲಿ ಸೇನೆಯು ಇದನ್ನು ಕೊಂಡು ಪರ್ಸಿ ಜೋನ್ಸ್ ಆಸ್ಪತ್ರೆಯನ್ನಾಗಿ ಮಾರ್ಪಡಿಸಲು, ಅಂಗಹೀನರಾದ ಸಹಸ್ರಾರು ಯೋಧರು ಇಲ್ಲಿ ನಡೆಯುವುದನ್ನೂ ಬರೆಯುವುದನ್ನೂ ಶಿಶುಗಳಂತೆ ಮರಳಿ ಕಲಿತರು.

ನಾರ್ಮಂಡಿಯ ತೀರದಲ್ಲಿ ಗಾಯಗೊಂಡ ಫಿಲಿಪ್ ಹಾರ್ಟ್, 1945ರ ಏಪ್ರಿಲಿನಲ್ಲಿ ಇಟಲಿಯ ಬೆಟ್ಟಗಳ ನಡುವೆ ಒಂದು ವಾರದ ಅಂತರದಲ್ಲಿ ಬಲಗೈಯ ಶಕ್ತಿಯನ್ನು ಕಳೆದುಕೊಂಡ ಬಾಬ್ ಡೋಲ್ ಹಾಗೂ ಬಲಗೈಯನ್ನೇ ಕಳೆದುಕೊಂಡ ಡೇನಿಯಲ್ ಇನೌಯೆ, ಈ ಮೂವರೂ ಇಲ್ಲಿ ಶುಶ್ರೂಷೆ ಪಡೆದು ಮುಂದೆ ಸೆನೆಟ್ಟಿನ ಸದಸ್ಯರಾದರು. ಶಸ್ತ್ರವೈದ್ಯನಾಗುವ ಕನಸು ಕಮರಿಹೋಗಿದ್ದ ಇನೌಯೆ, ರಾಜಕಾರಣದ ಹಂಬಲವನ್ನು ಡೋಲರ ಬಾಯಿಂದ ಕೇಳಿದುದು ಈ ಗೋಡೆಗಳೊಳಗೆಯೇ. ಆದರೆ 1959ರಲ್ಲಿ, ಡೋಲರಿಗಿಂತ ಎರಡು ವರ್ಷ ಮೊದಲು, ಪ್ರತಿನಿಧಿಸಭೆಯನ್ನು ಪ್ರವೇಶಿಸಿದವರು ಅವರೇ. ಪಕ್ಷಗಳು ಬೇರೆಯಾದರೂ ಆ ಮೈತ್ರಿ ಕಡೆಯವರೆಗೂ ಮಾಸದೆ ಉಳಿದುದು ಸ್ಮರಣೀಯವಾದ ಸಂಗತಿ.

ಆಸ್ಪತ್ರೆ 1953ರಲ್ಲಿ ಮುಚ್ಚಿತು. ಇಂದಿನ ನಾಮಕರಣ 2003ರದು. 1928ರಲ್ಲಿ ಸೇರಿಸಿದ ಎತ್ತರದ ಗೋಪುರವನ್ನೂ ಅದರ ಬುಡದಲ್ಲಿ ಸಾಲುಗೊಂಡಿರುವ ಸ್ತಂಭಗಳನ್ನೂ ದಯವಿಟ್ಟು ಗಮನಿಸಿರಿ: ಶ್ರೀಮಂತ ಅತಿಥಿಗಳಿಗಾಗಿ ನಿಲ್ಲಿಸಿದ ಆ ವೈಭವವು ಗಾಯಾಳುಗಳ ಆಶ್ರಯವಾಯಿತು.