ಹಸಿವೂ ಉನ್ಮಾದಚಿಕಿತ್ಸೆಯೂ

ಚರಕಸಂಹಿತೆಯಲ್ಲಿ ಅತಿಸ್ಥೂಲನ ವಿಚಾರವು ಸೂತ್ರಸ್ಥಾನದಲ್ಲಿಯೂ, ಉನ್ಮಾದದ ವಿಚಾರವು ನಿದಾನ ಮತ್ತು ಚಿಕಿತ್ಸಾಸ್ಥಾನಗಳಲ್ಲಿಯೂ ಬೇರೆ ಬೇರೆಯಾಗಿ ನಿರೂಪಿತವಾಗಿವೆ. ಇಪ್ಪತ್ತನೆಯ ಶತಮಾನದಲ್ಲಿ ಈ ಎರಡು ವ್ಯಾಧಿಗಳು ಒಬ್ಬನೇ ರೋಗಿಯ ಶರೀರದಲ್ಲಿ ಸಂಧಿಸಿದುವು. ಸಂಧಿಸುವಂತೆ ಮಾಡಿದುದು ಬಹುಮಟ್ಟಿಗೆ ಔಷಧವೇ ಎಂಬುದು ಈ ಚರಿತ್ರೆಯ ವೈಚಿತ್ರ್ಯ.

1921ರಲ್ಲಿ ಟೊರಾಂಟೋ ನಗರದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಎಂಬುವರು ಇನ್ಸುಲಿನನ್ನು ಬೇರ್ಪಡಿಸಿದರು. ಅದು ಮಧುಮೇಹಕ್ಕೆ ಹೇಳಿದ ಮದ್ದು. ಆದರೆ ರಕ್ತದ ಸಕ್ಕರೆ ಇಳಿದಾಗ ಹಸಿವು ಕೆರಳುವುದನ್ನು ಕಂಡ ಯೂರೋಪಿನ ವೈದ್ಯರು ಆ ದಶಕದಲ್ಲಿಯೇ ಅದನ್ನು ಹುಚ್ಚಾಸ್ಪತ್ರೆಗಳಿಗೂ ಕೊಂಡೊಯ್ದರು. ಅನ್ನವನ್ನು ಮುಟ್ಟದೆ ಎಲುಬುಗೂಡಾಗುತ್ತಿದ್ದ ರೋಗಿಗಳು ಅಲ್ಲಿ ಅನೇಕರಿದ್ದರು. ಅವರನ್ನು ಉಣ್ಣಿಸಿ ಮೈ ತುಂಬಿಸುವುದೇ ಆಗಿನ ಉದ್ದೇಶ. ಮ್ಯಾನ್‌ಫ್ರೆಡ್ ಸಾಕೆಲನು ಇನ್ನೂ ಮುಂದಕ್ಕೆ ಹೋದನು. ಬರ್ಲಿನ್ನಿನಲ್ಲಿ ಮಾರ್ಫಿಯಾ ವ್ಯಸನಿಗಳಿಗೆ ಇನ್ಸುಲಿನ್ ಕೊಡುತ್ತಿದ್ದಾಗ ಮೂರ್ಛೆಯಿಂದೆದ್ದ ಕೆಲವರ ಮನಸ್ಸು ಶಾಂತವಾದಂತೆ ಅವನಿಗೆ ತೋರಿತು. 1933ರಿಂದ ವಿಯೆನ್ನಾದಲ್ಲಿ ಸ್ಕಿಜೋಫ್ರೇನಿಯ ಎಂಬ ಚಿತ್ತವಿಕಲತೆಗೆ ಅವನು ಬೇಕೆಂದೇ ಮೂರ್ಛೆ ಬರಿಸತೊಡಗಿದನು. ಬೆಳಗಿನ ಬರಿಹೊಟ್ಟೆಯಲ್ಲಿ ಸೂಜಿಮದ್ದು, ಬೆವರು, ಪ್ರಜ್ಞಾಲೋಪ. ಬಳಿಕ ಮೂಗಿನ ನಳಿಗೆಯಿಂದ ಸಕ್ಕರೆಯ ನೀರು. ವಾರಗಟ್ಟಲೆ ಇದೇ ಕ್ರಮ. ಕೆಲವರು ಎಚ್ಚರಗೊಳ್ಳಲೇ ಇಲ್ಲ. ಉಳಿದವರಲ್ಲಿ ಬಹುಮಂದಿ ದಪ್ಪವಾದರು. 1953ರಲ್ಲಿ ಹೆರಲ್ಡ್ ಬೋರ್ನನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಈ ಚಿಕಿತ್ಸೆಯನ್ನು ಕಟ್ಟುಕಥೆಯೆಂದು ಖಂಡಿಸಿದನು. 1957ರಲ್ಲಿ ಬೇರೊಂದು ನಿದ್ರಾಕಾರಕ ಔಷಧದ ಮೂರ್ಛೆಯೊಡನೆ ಹೋಲಿಸಿ ನೋಡಲಾಗಿ, ಇನ್ಸುಲಿನ್ನಿಗೆ ಪ್ರತ್ಯೇಕವಾದ ಯಾವ ಗುಣವೂ ಕಾಣಲಿಲ್ಲ. ಕಾಲು ಶತಮಾನದ ನಂಬಿಕೆ ಹೀಗೆ ಕುಸಿಯಿತು.

ಅಷ್ಟರಲ್ಲಿ ಕ್ಲೋರ್‌ಪ್ರೊಮಜೀನ್ ಬಂದಿದ್ದಿತು. 1952ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಡಿಲೇ ಮತ್ತು ಡೆನಿಕರ್ ಇದರ ಗುಣವನ್ನು ಪ್ರಕಟಿಸಿದರು. ಇದನ್ನು ಸೇವಿಸಿದವರ ತೂಕವೂ ಏರುವುದನ್ನು ವೈದ್ಯರು ಬೇಗನೆ ಗುರುತಿಸಿದರು. ಆದರೂ ಕೈಕಾಲುಗಳ ನಡುಕ, ಬಿಗಿತಗಳ ಮುಂದೆ ಅದು ಅಲ್ಪದೋಷವೆನಿಸಿತು.

ಇದೇ ಕಾಲದಲ್ಲಿ ಹಸಿವಿನ ನೆಲೆಯನ್ನು ಶರೀರಶಾಸ್ತ್ರಜ್ಞರು ಅರಸುತ್ತಿದ್ದರು. 1940ರಲ್ಲಿ ಹೆದರಿಂಗ್‌ಟನ್ ಮತ್ತು ರಾನ್ಸನ್ ಇಲಿಗಳ ಮೆದುಳಿನ ಬುಡದಲ್ಲಿರುವ ಹೈಪೊಥಲಾಮಸ್ ಎಂಬ ಭಾಗಕ್ಕೆ ಗಾಯ ಮಾಡಿ ಅವು ಅತಿಯಾಗಿ ಕೊಬ್ಬುವುದನ್ನು ತೋರಿಸಿದರು. 1951ರಲ್ಲಿ ಭಾರತೀಯರಾದ ಬಾಲಕೃಷ್ಣ ಆನಂದರು ಬ್ರೋಬೆಕ್ಕನೊಡನೆ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಅದೇ ಭಾಗದ ಪಾರ್ಶ್ವಗಳನ್ನು ನಾಶಗೊಳಿಸಲು, ಇಲಿಗಳು ಮುಂದಿದ್ದ ಆಹಾರವನ್ನು ಮುಟ್ಟದೆ ಸತ್ತುವು. ಹಸಿವು ಹೊಟ್ಟೆಯ ವ್ಯಾಪಾರ ಮಾತ್ರವೆಂಬ ಲೋಕರೂಢಿಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ. ಈ ಸಂಶೋಧನೆಯೂ ಔಷಧದ ಪ್ರಶ್ನೆಯೂ ಕೂಡಿಕೊಳ್ಳಲು ಮಾತ್ರ ಬಹುಕಾಲ ಹಿಡಿಯಿತು. 2007ರಲ್ಲಿ, ಹೊಸ ಔಷಧಗಳು ಹೈಪೊಥಲಾಮಸ್ಸಿನಲ್ಲಿ ಹಿಸ್ಟಮೀನಿನ ಒಂದು ಗ್ರಾಹಕವನ್ನು ತಡೆದು ಹಸಿವನ್ನು ಎಬ್ಬಿಸುವಂತೆ ಇಲಿಗಳಲ್ಲಿ ಕಂಡುಬಂದಿತು. ಕಾರಣವು ಇದೊಂದೇ ಅಲ್ಲ.

ಆ ಹೊಸ ಔಷಧಗಳಲ್ಲಿ ಮುಖ್ಯವಾದುದು ಕ್ಲೋಜಪೀನ್. 1975ರಲ್ಲಿ ಫಿನ್ಲೆಂಡಿನಲ್ಲಿ ಅದನ್ನು ಸೇವಿಸಿದವರಲ್ಲಿ ಬಿಳಿಯ ರಕ್ತಕಣಗಳು ಕ್ಷೀಣಿಸಿ 8 ಮಂದಿ ಮೃತರಾಗಲು, ಅನೇಕ ದೇಶಗಳು ಅದನ್ನು ಕೈಬಿಟ್ಟುವು. ಆದರೆ 1988ರಲ್ಲಿ, ಬೇರಾವ ಮದ್ದಿಗೂ ಬಗ್ಗದ 268 ರೋಗಿಗಳ ಪರೀಕ್ಷೆಯಲ್ಲಿ ನೂರಕ್ಕೆ 30 ಮಂದಿ ಅದರಿಂದ ಸುಧಾರಿಸಿದರು. ಕ್ಲೋರ್‌ಪ್ರೊಮಜೀನಿನಿಂದ ಸುಧಾರಿಸಿದವರು ನೂರಕ್ಕೆ 4 ಮಾತ್ರ. ರಕ್ತಪರೀಕ್ಷೆಯ ಕಟ್ಟಿನೊಡನೆ ಅದು ಮರಳಿ ಬಂದಿತು. 1999ರ ಒಂದು ಗಣನೆಯಂತೆ ಹತ್ತು ವಾರಗಳಲ್ಲಿ ಅದರಿಂದ ಸರಾಸರಿ 4.45 ಕಿಲೋಗ್ರಾಂ, ಓಲಾಂಜಪೀನಿನಿಂದ 4.15 ಕಿಲೋಗ್ರಾಂ ತೂಕ ಏರುತ್ತದೆ. ಸೇವಿಸಿದರೆ ಮೈ ಬೆಳೆದು ಮಧುಮೇಹದ ಭಯ. ಬಿಟ್ಟರೆ ಬುದ್ಧಿ ಕದಡುವ ಭಯ. ಹಿಂದೆ ಅನ್ನವನ್ನು ನಿರಾಕರಿಸುವವನಿಗೆ ಮಧುಮೇಹದ ಮದ್ದನ್ನು ಕೊಟ್ಟರು. ಈಗ ಹಸಿವು ತಣಿಯದವನಿಗೆ ಮೆಟ್‌ಫಾರ್ಮಿನ್ ಎಂಬ ಇನ್ನೊಂದು ಮಧುಮೇಹದ ಮದ್ದನ್ನು ಕೊಡುವ ವೈದ್ಯರಿದ್ದಾರೆ.

ಇಷ್ಟರಿಂದ ಕ್ಲೋಜಪೀನನ್ನು ದೂರುವುದು ಆತುರವಾದೀತು. 2009ರಲ್ಲಿ ಅದೇ ಫಿನ್ಲೆಂಡಿನಿಂದ, 66,881 ರೋಗಿಗಳ ಹನ್ನೊಂದು ವರ್ಷಗಳ ದಾಖಲೆಯನ್ನು ಪರಿಶೀಲಿಸಿದ ವರದಿಯೊಂದು ಬಂದಿತು. ಅಧ್ಯಯನದ ಕ್ರಮವನ್ನು ಆಕ್ಷೇಪಿಸಿದವರುಂಟು. ಆದರೂ ಹೋಲಿಸಿ ನೋಡಿದ ಔಷಧಗಳಲ್ಲಿ ಅತ್ಯಂತ ಕಡಮೆ ಮರಣಗಳು ಕಂಡುದು ಕ್ಲೋಜಪೀನ್ ಸೇವಿಸುತ್ತಿದ್ದವರಲ್ಲಿಯೇ.