ರಾತ್ರಿ ದೃಶ್ಯ ಹಾರಾಟ (ಕರ್ನಾಟಕದಲ್ಲಿ)

ಪೈಲಟ್ ಮುಖ್ಯವಾಗಿ ತನ್ನ ಕಣ್ಣನ್ನೇ ನೆಚ್ಚಿಕೊಂಡು, ನೆಲದ ಗುರುತುಗಳನ್ನೂ ದೀಪಗಳನ್ನೂ ನೋಡುತ್ತ ಕತ್ತಲಲ್ಲಿ ವಿಮಾನ ನಡೆಸುವುದು ರಾತ್ರಿ ದೃಶ್ಯ ಹಾರಾಟ. ದೃಶ್ಯ ಹಾರಾಟದ ನಿಯಮಗಳಿಗೆ ವೈಮಾನಿಕರು ವಿಎಫ್‌ಆರ್ ಎನ್ನುತ್ತಾರೆ. ಉಪಕರಣಗಳನ್ನು ನಂಬಿ ಹಾರುವ ಕ್ರಮ ಐಎಫ್‌ಆರ್. ಭಾರತದಲ್ಲಿ ಸಣ್ಣ ವಿಮಾನಗಳ ರಾತ್ರಿ ದೃಶ್ಯ ಹಾರಾಟ ಬಹುಮಟ್ಟಿಗೆ ತರಬೇತಿ ಶಾಲೆಗಳಿಗೂ ನಿಲ್ದಾಣದ ಆಸುಪಾಸಿಗೂ ಸೀಮಿತ.

ಆರಂಭ

ಕರ್ನಾಟಕದ ವಿಮಾನಯಾನದ ಆರಂಭದ ದಿನಗಳ ಕಥೆಯಲ್ಲಿ ಕತ್ತಲಾಯಿತೆಂದು ನಿಂತ ಒಂದು ವಿಮಾನವಿದೆ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಬೊಂಬಾಯಿಗೆ ಅಂಚೆ ತಂದರು. ಅಲ್ಲಿಂದ ಮುಂದಕ್ಕೆ ಪಸ್ ಮಾತ್ ವಿಮಾನ ನಡೆಸಿದ ನೆವಿಲ್ ವಿನ್ಸೆಂಟ್ ಬಳ್ಳಾರಿಯಲ್ಲಿ ರಾತ್ರಿ ತಂಗಿ, ಮರುದಿನ ಮದ್ರಾಸು ತಲುಪಿದರು. ವಿಮಾನದಲ್ಲಿ ರೇಡಿಯೊ ಇರಲಿಲ್ಲ, ದಾರಿಯುದ್ದಕ್ಕೂ ದೀಪದ ಗುರುತುಗಳೂ ಇರಲಿಲ್ಲ. ಅಮೆರಿಕದಲ್ಲಿ 1921ರ ಫೆಬ್ರವರಿಯಲ್ಲೇ ಜಾಕ್ ನೈಟ್ ಎಂಬ ಪೈಲಟ್, ಹಾದಿಯ ಊರುಗಳವರು ಹಚ್ಚಿದ ಬೆಂಕಿ ನೋಡಿಕೊಂಡು ರಾತ್ರಿಯಿಡೀ ಅಂಚೆ ಹೊತ್ತು ಹಾರಿದ್ದ. ಭಾರತದಲ್ಲಿ ರಾತ್ರಿ ಅಂಚೆ ವಿಮಾನ ಶುರುವಾದದ್ದು 1949ರ ಜನವರಿಯಲ್ಲಿ. ದೆಹಲಿ, ಬೊಂಬಾಯಿ, ಕಲ್ಕತ್ತ, ಮದ್ರಾಸುಗಳಿಂದ ಹೊರಟ ವಿಮಾನಗಳು ನಾಗಪುರದಲ್ಲಿ ಸೇರಿ, ಚೀಲಗಳನ್ನು ಬದಲಿಸಿಕೊಂಡು ಹಿಂದಿರುಗುತ್ತಿದ್ದವು.

ಮೈಸೂರು ಸಂಸ್ಥಾನದಲ್ಲಿ 1940ರ ಡಿಸೆಂಬರ್‌ನಲ್ಲಿ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಂಪನಿ (ಈಗಿನ ಎಚ್‌ಎಎಲ್) ಸ್ಥಾಪನೆಯಾಯಿತು. ಅದೇ ದಶಕದ ಕೊನೆಯಲ್ಲಿ ಮಹಾರಾಜ ಜಯಚಾಮರಾಜೇಂದ್ರ ಒಡೆಯರ ಆಸ್ಥೆಯಿಂದ ಬೆಂಗಳೂರಿನ ಜಕ್ಕೂರಿನಲ್ಲಿ ಸರ್ಕಾರಿ ವೈಮಾನಿಕ ತರಬೇತಿ ಶಾಲೆ ತಲೆಯೆತ್ತಿತು. ಈಗ ಕರ್ನಾಟಕದಲ್ಲಿರುವ ರಾಯಚೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಆ ಸಂಸ್ಥಾನದ ವಿಮಾನಯಾನ ಬಹುಮಟ್ಟಿಗೆ ಹೈದರಾಬಾದಿನ ಬೇಗಂಪೇಟೆ ನಿಲ್ದಾಣವನ್ನೇ ಸುತ್ತಿಕೊಂಡಿತ್ತು.

ನಿಯಮಗಳು

ಸೂರ್ಯ ಮುಳುಗಿ 20 ನಿಮಿಷ ಕಳೆದಲ್ಲಿಂದ ಮರುದಿನ ಸೂರ್ಯೋದಯಕ್ಕೆ 20 ನಿಮಿಷ ಉಳಿದಿರುವವರೆಗೆ ಭಾರತದಲ್ಲಿ ದೃಶ್ಯ ಹಾರಾಟಕ್ಕೆ ಅವಕಾಶವಿಲ್ಲ. ಸ್ಥಳೀಯ ಹಾರಾಟಕ್ಕೂ ಫ್ಲೈಯಿಂಗ್ ಕ್ಲಬ್‌ಗಳ ತರಬೇತಿಗೂ ವಿಮಾನ ಸಂಚಾರ ನಿಯಂತ್ರಣ, ಅಂದರೆ ಎಟಿಸಿ, ವಿನಾಯಿತಿ ಕೊಡಬಹುದು. ರಾತ್ರಿ ಒಂದೂರಿನಿಂದ ಇನ್ನೊಂದೂರಿಗೆ ಕಣ್ಣಂದಾಜಿನಲ್ಲೇ ಹೋಗುವ ಅಮೆರಿಕದ ಖಾಸಗಿ ಪೈಲಟ್‌ಗಳ ರೂಢಿ ಆದ್ದರಿಂದಲೇ ಇಲ್ಲಿ ಬೆಳೆಯಲಿಲ್ಲ. ಆದರೂ ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಬೇಕಾದವರು ರಾತ್ರಿ ಹಾರಲೇಬೇಕು: ಒಟ್ಟು 200 ಗಂಟೆಗಳ ಅನುಭವದಲ್ಲಿ ಕನಿಷ್ಠ 5 ಗಂಟೆ ರಾತ್ರಿಯದ್ದಾಗಿರಬೇಕು, ಅದರಲ್ಲಿ 10 ಟೇಕಾಫ್ ಮತ್ತು 10 ಲ್ಯಾಂಡಿಂಗ್ ಸೇರಿರಬೇಕು.

ಈ ಎಚ್ಚರಿಕೆಗೆ ಕಾರಣವಿದೆ. ದಿಗಂತ ಕಾಣದಿದ್ದಾಗ ಒಳಗಿವಿಯ ಸಮತೋಲನದ ಅಂಗ ಮೋಸ ಮಾಡುತ್ತದೆ. ವಿಮಾನ ವಾಲಿದ್ದರೂ ನೆಟ್ಟಗಿದೆ ಅನಿಸುತ್ತದೆ. 1999ರ ಜುಲೈ 16ರ ರಾತ್ರಿ ಜಾನ್ ಎಫ್. ಕೆನಡಿ ಜೂನಿಯರ್ ನಡೆಸುತ್ತಿದ್ದ ಸಣ್ಣ ವಿಮಾನ ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಬಳಿ ಸಮುದ್ರಕ್ಕೆ ಬಿದ್ದದ್ದು ಇಂಥ ಭ್ರಮೆಯಿಂದಲೇ ಎಂದು ತನಿಖೆ ಹೇಳಿತು. ಅಂದು ಅವರು ದೃಶ್ಯ ಹಾರಾಟದ ನಿಯಮದಡಿಯೇ ಹಾರುತ್ತಿದ್ದರು. ಊರು, ದೀಪ ವಿರಳವಾದ ಬಯಲಿನಾಚೆ ರನ್‌ವೇ ಒಂದೇ ಬೆಳಗುತ್ತಿದ್ದರೆ ಎತ್ತರದ ಅಂದಾಜು ತಪ್ಪಿ, ಪೈಲಟ್ ಬೇಕಾದುದಕ್ಕಿಂತ ಕೆಳಗಿಳಿದುಬಿಡುವ ಅಪಾಯವೂ ಇದೆ.

ದೀಪ ಮತ್ತು ಗೋಪುರ

ಮೊದಲ ಕಾಲದಲ್ಲಿ ರನ್‌ವೇ ಅಂಚಿಗೆ ಸೀಮೆಎಣ್ಣೆಯ ಬುಡ್ಡಿಗಳನ್ನು ಸಾಲಾಗಿ ಇಡುತ್ತಿದ್ದರು. ಈಗ ವಿದ್ಯುದ್ದೀಪಗಳ ಬಣ್ಣವೇ ಭಾಷೆ: ರನ್‌ವೇ ಅಂಚಿಗೆ ಬಿಳಿ, ಆರಂಭದ ಗೆರೆಗೆ ಹಸಿರು, ಕೊನೆಗೆ ಕೆಂಪು, ಟ್ಯಾಕ್ಸಿವೇ ಅಂಚಿಗೆ ನೀಲಿ. ಪಾಪಿ ಎಂಬ ನಾಲ್ಕು ದೀಪಗಳ ಸಾಲಿನಲ್ಲಿ ಎರಡು ಬಿಳಿ, ಎರಡು ಕೆಂಪು ಕಂಡರೆ ಇಳಿಯುವ ಕೋನ ಸರಿ. ನಾಲ್ಕೂ ಕೆಂಪಾದರೆ ವಿಮಾನ ತೀರ ಕೆಳಗಿದೆ. ಎತ್ತರದ ಚಿಮಣಿ, ಟವರ್‌ಗಳ ತುದಿಯಲ್ಲಿ ಕೆಂಪು ದೀಪ ಇರುವುದೂ ಪೈಲಟ್‌ಗಳಿಗಾಗಿಯೇ.

ಎಟಿಸಿ ಗೋಪುರದಿಂದ ಬಂದ ಅನುಮತಿಯನ್ನು ಪೈಲಟ್ ತಿರುಗಿ ಓದಿ ಹೇಳಬೇಕು. ರೇಡಿಯೊ ಕೆಟ್ಟರೆ ಕಂಟ್ರೋಲರ್ ಕೈಯಲ್ಲಿನ ಸಿಗ್ನಲ್ ದೀಪ ಮಾತಾಡುತ್ತದೆ. ಆಕಾಶದಲ್ಲಿರುವ ವಿಮಾನಕ್ಕೆ ಸ್ಥಿರ ಹಸಿರು ತೋರಿಸಿದರೆ ಇಳಿಯಬಹುದು. ಸ್ಥಿರ ಕೆಂಪಾದರೆ ಬೇರೆ ವಿಮಾನಕ್ಕೆ ದಾರಿ ಬಿಟ್ಟು ಸುತ್ತುತ್ತಿರಬೇಕು. ಮಿನುಗುವ ಕೆಂಪಾದರೆ ನಿಲ್ದಾಣ ಸುರಕ್ಷಿತವಲ್ಲ, ಇಳಿಯಕೂಡದು. ಅರ್ಥವಾಯಿತೆಂದು ತಿಳಿಸಲು ಪೈಲಟ್ ತನ್ನ ಲ್ಯಾಂಡಿಂಗ್ ದೀಪವನ್ನು ಎರಡು ಸಲ ಮಿನುಗಿಸುತ್ತಾನೆ.

ನಾಗರಿಕ ಎಟಿಸಿಯ ಹೊಣೆ 1995ರ ಏಪ್ರಿಲ್ 1ರಂದು ರೂಪುಗೊಂಡ ಭಾರತೀಯ ವಿಮಾನ ನಿಲ್ದಾಣ ಪ್ರಾಧಿಕಾರದ್ದು. ಬೆಂಗಳೂರಿನಲ್ಲಿ ಮಾತ್ರ ಆಕಾಶಕ್ಕೆ ಹಲವು ಯಜಮಾನರು: ಯಲಹಂಕ ವಾಯುಪಡೆಯದು, ಎಚ್‌ಎಎಲ್ ನಿಲ್ದಾಣ ಆ ಕಂಪನಿಯದು, ಜೊತೆಗೆ 2008ರ ಮೇ 24ರಂದು ತೆರೆದ ದೇವನಹಳ್ಳಿ ನಿಲ್ದಾಣ. ಇವುಗಳ ನಡುವೆ ಸಿಕ್ಕಿಕೊಂಡ ಜಕ್ಕೂರಿನ ಸಣ್ಣ ವಿಮಾನಗಳಿಗೆ ಆಕಾಶ ಇಕ್ಕಟ್ಟಾಯಿತು.

ಕಲ್ಯಾಣ ಕರ್ನಾಟಕ

ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆಯಾಯಿತು. ಬೀದರ್‌ನ ವಾಯುಪಡೆ ನೆಲೆಯಿಂದ 2020ರ ಫೆಬ್ರವರಿಯಲ್ಲಿ ನಾಗರಿಕ ವಿಮಾನ ಹಾರಿತು. 2021ರಲ್ಲಿ ಪ್ರಾಧಿಕಾರ ಹೊಸ ವೈಮಾನಿಕ ಶಾಲೆಗಳಿಗೆ ಆರಿಸಿದ ಐದು ನಿಲ್ದಾಣಗಳಲ್ಲಿ ಕಲಬುರಗಿ, ಬೆಳಗಾವಿ ಎರಡೂ ಇದ್ದವು. ಉಳಿದವು ಜಲಗಾಂವ್, ಖಜುರಾಹೊ, ಲೀಲಾಬರಿ. ಹೀಗೆ ಪೈಲಟ್ ತರಬೇತಿ ಜಕ್ಕೂರನ್ನು ದಾಟಿ ಉತ್ತರಕ್ಕೆ ಬಂತು.

ರಾಯಚೂರಿನ ಯರಮರಸ್ ಬಳಿ ನಿಲ್ದಾಣ ಕಟ್ಟುವ ಯೋಜನೆಯಿದೆ. ಕೃಷ್ಣಾ–ತುಂಗಭದ್ರೆಯ ನಡುವಿನ ಎಡೆದೊರೆ ನಾಡು ಸಮತಟ್ಟು ಬಯಲು. ಹಗಲು ಹಾರುವವರಿಗೆ ಅದು ಅನುಕೂಲ. ರಾತ್ರಿಯ ಮಾತು ಬೇರೆ. ರನ್‌ವೇ ದೀಪಗಳೂ ಪಾಪಿಯೂ ಕತ್ತಲಾದ ಮೇಲೂ ಕೆಲಸದಲ್ಲಿರುವ ಕಂಟ್ರೋಲರ್‌ಗಳೂ ಇಲ್ಲದಿದ್ದರೆ ಯಾವ ನಿಲ್ದಾಣವಾದರೂ ಹಗಲಿನ ನಿಲ್ದಾಣವಾಗಿಯೇ ಉಳಿಯುತ್ತದೆ.