ಒಂದೆಲಗದ ಪೂರ್ವೇತಿಹಾಸ

ಗದ್ದೆಯ ಬದುವಿನಲ್ಲಿಯೂ ಅಡಕೆತೋಟದ ಬಸಿಗಾಲುವೆಯ ಅಂಚಿನಲ್ಲಿಯೂ ಗಿಣ್ಣುಗಿಣ್ಣಿಗೆ ಬೇರೂರುತ್ತ ಹಬ್ಬುವ, ತುಳುವರು ತಿಮರೆಯೆಂದು ಕರೆಯುವ ಒಂದೆಲಗವು ಆಹಾರವೋ ಔಷಧವೋ ಎಂದು ಕೇಳುವವರಿಗೆ ಚರಕಸಂಹಿತೆಯೇ ಎರಡು ಬಗೆಯ ಉತ್ತರವನ್ನು ಕೊಟ್ಟಿದೆ. ಸೂತ್ರಸ್ಥಾನದ ಶಾಕವರ್ಗದಲ್ಲಿ ಮಂಡೂಕಪರ್ಣಿಯೆಂಬ ಹೆಸರಿನಿಂದ ಇತರ ಕಹಿಸೊಪ್ಪುಗಳ ಸಾಲಿನಲ್ಲಿ ಕುಳಿತಿರುವ ಈ ಮೂಲಿಕೆಯೇ, ಚಿಕಿತ್ಸಾಸ್ಥಾನದ ರಸಾಯನಾಧ್ಯಾಯಕ್ಕೆ ಬಂದಾಗ ಯಷ್ಟಿಮಧು, ಗುಡೂಚಿ, ಶಂಖಪುಷ್ಪಿಗಳೊಡನೆ ಮೇಧಾವರ್ಧಕವಾದ ನಾಲ್ಕು ರಸಾಯನಗಳಲ್ಲಿ ಒಂದೆಂಬ ಗೌರವವನ್ನು ಪಡೆಯುತ್ತದೆ. ಅಲ್ಲಿ ವಿಧಿಸಿರುವುದು ಸ್ವರಸವನ್ನು, ಎಂದರೆ ಹಸಿಯ ಎಲೆಯನ್ನು ಜಜ್ಜಿ ಹಿಂಡಿದ ರಸವನ್ನು, ಎಂಬುದು ಗಮನಾರ್ಹ.

ಪಾಶ್ಚಾತ್ಯರ ಗ್ರಂಥಗಳಿಗೆ ಅದು ಹೊಕ್ಕದ್ದು ಮಲೆಯಾಳ ದೇಶದ ಮಾರ್ಗವಾಗಿ. ಕೊಚ್ಚಿಯ ಡಚ್ಚರ ಅಧಿಪತಿಯಾಗಿದ್ದ ವಾನ್ ರೀಡೆಯು ಇಟ್ಟಿ ಅಚ್ಯುತನೆಂಬ ವೈದ್ಯನ ಜ್ಞಾನವನ್ನೂ, ರಂಗಭಟ್ಟ, ವಿನಾಯಕ ಪಂಡಿತ, ಅಪ್ಪು ಭಟ್ಟರೆಂಬ ಕೊಂಕಣಿ ಪಂಡಿತರ ನೆರವನ್ನೂ ಪಡೆದು ಸಿದ್ಧಪಡಿಸಿದ, 1678ರಿಂದ 1693ರವರೆಗೆ 12 ಸಂಪುಟಗಳಾಗಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಅಚ್ಚಾದ ‘ಹೊರ್ಟಸ್ ಮಲಬಾರಿಕಸ್’ನಲ್ಲಿ ಅದರ ಚಿತ್ರವಿದೆ. ಲಿನೇಯಸನು 1753ರಲ್ಲಿ ಅದಕ್ಕೆ ಲ್ಯಾಟಿನ್ ನಾಮಕರಣ ಮಾಡಿದನು. ಮುಂದಿನ ಶತಮಾನದಲ್ಲಿ ಮಾರಿಷಸ್ ದ್ವೀಪದಲ್ಲಿ ಕುಷ್ಠರೋಗಕ್ಕೆ ಅದನ್ನು ಪ್ರಯೋಗಿಸಿದ ವಾರ್ತೆ ಹಬ್ಬಿ, 1868ರ ಭಾರತೀಯ ಔಷಧಸಂಹಿತೆಯಲ್ಲಿ ಸರಕಾರಿ ಮುದ್ರೆಯೊಡನೆ ಸ್ಥಾನ ದೊರೆಯಿತು. ಆದರೆ ಒಣಗಿದ ಎಲೆಯ ಪುಡಿಯ ರೂಪದಲ್ಲಿ. ಸೀಸೆಯಲ್ಲಿ ತುಂಬಿ ಕಪಾಟಿನಲ್ಲಿ ಇಡಲು ಪುಡಿಯೇ ಅನುಕೂಲವಷ್ಟೆ!

ಹೀಗೆ ಔಷಧಾಲಯವು ಕೈಬಿಟ್ಟ ಹಸಿಯ ಕ್ರಮವನ್ನು, ಚರಕನ ಹೆಸರನ್ನೇ ಕೇಳದಿದ್ದ ಹೆಂಗಸರು ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಒರಳಿನ ಮುಂದೆ ಕುಳಿತು ನಡೆಸಿಕೊಂಡು ಬಂದರೆಂದೇ ನನ್ನ ಅಭಿಪ್ರಾಯ. ಬೇರುಸಹಿತ ಕಿತ್ತು, ಮಣ್ಣು ಹೋಗುವಂತೆ ನಾಲ್ಕಾರು ನೀರಿನಲ್ಲಿ ತೊಳೆದ ಸೊಪ್ಪನ್ನು ತೆಂಗಿನತುರಿ, ಜೀರಿಗೆ, ಮೆಣಸುಗಳೊಡನೆ ನುಣ್ಣಗೆ ರುಬ್ಬಿ, ಕಡೆದ ಮಜ್ಜಿಗೆಯಲ್ಲಿ ಕದಡಿ, ಮೇಲೆ ತುಪ್ಪದ ಒಗ್ಗರಣೆಯನ್ನು ಕೊಟ್ಟರೆ ತಂಬುಳಿ; ಮಜ್ಜಿಗೆಯನ್ನು ಬಿಟ್ಟು ಹುಣಿಸೆಹಣ್ಣು ಸೇರಿಸಿ ಗಟ್ಟಿಯಾಗಿ ಅರೆದರೆ ಚಟ್ನಿ. ಎಲೆಯ ಒಗರುಗಹಿಯನ್ನು ತೆಂಗು ಮಜ್ಜಿಗೆಗಳು ಅಡಗಿಸುತ್ತವೆಯೇ ಹೊರತು ಅಳಿಸುವುದಿಲ್ಲ. ಪರೀಕ್ಷೆಯ ಕಾಲಕ್ಕೆ ಮಕ್ಕಳ ಅನ್ನದ ಮೇಲೆ ಇದನ್ನು ಒಂದು ಸೌಟು ಹೆಚ್ಚಾಗಿಯೇ ಬಡಿಸುವ ತಾಯಂದಿರು ಇಂದಿಗೂ ಇದ್ದಾರೆ. ಜ್ಞಾಪಕಶಕ್ತಿಯ ಮಾತು ಹಾಗಿರಲಿ, ಬಿಸಿಲಿನ ದಿನಗಳಲ್ಲಿ ಹೊಟ್ಟೆಗೆ ಅದು ತಂಪೆಂಬುದರಲ್ಲಿ ಉಂಡವರಾರಿಗೂ ಭಿನ್ನಾಭಿಪ್ರಾಯವಿಲ್ಲ. ಒಲೆಯ ಮೇಲೆ ಕುದಿಯದ ಪದಾರ್ಥವಾದುದರಿಂದ ತಂಬುಳಿಯು ಮರುದಿನಕ್ಕೆ ಉಳಿಯದು. ಊಟದ ಹೊತ್ತು ಸಮೀಪಿಸಿದ ಮೇಲೆಯೇ ತೋಟಕ್ಕಿಳಿದು ಸೊಪ್ಪು ಕೀಳುವ ವಾಡಿಕೆ ಬೆಳೆದದ್ದು ಅದರಿಂದಲೇ.